ಅಧಿಕಾರ ಕೈತಪ್ಪಿದ ಮೇಲೆ ಮೊಂತಝೇರಿ ಸುಧಾರಕರಾದರೇ?

ಇರಾನಿನ ಸರ್ವೋಚ್ಚ ನಾಯಕನ ಪಟ್ಟ ಕೈತಪ್ಪಿದ ಬೇಸರದಿಂದ ಆಯತೊಲ್ಲಾ ಹುಸೇನ್ ಅಲಿ ಮೊಂತಝೇರಿ ಸುಧಾರಣೆಯ ಮಾತು ಆಡತೊಡಗಿದರೇ ಎಂದು ಕೇಳಿದ್ದೀರಿ. ಇಲ್ಲ, ನಡೆದದ್ದು ಅದಕ್ಕೆ ತದ್ವಿರುದ್ಧ: ಅವರು ಮೊದಲು ಮಾತಾಡಿದರು, ಪಟ್ಟ ಹೋದದ್ದು ಆಮೇಲೆ.

1922ರಲ್ಲಿ ಇಸ್ಫಹಾನ್ ಬಳಿಯ ನಜಫಾಬಾದಿನಲ್ಲಿ ಹುಟ್ಟಿದ ಅವರು ಇಸ್ಲಾಮಿಕ್ ಕ್ರಾಂತಿಯ ನಾಯಕ ಖೊಮೇನಿಯವರ ಶಿಷ್ಯರು; ಅದಕ್ಕೂ ಮೊದಲಿನ ದೊರೆ ಷಾ ಆಡಳಿತದಲ್ಲಿ ಸೆರೆವಾಸ ಅನುಭವಿಸಿದವರು. 1979ರಲ್ಲಿ ಸಂವಿಧಾನ ರೂಪಿಸಿದ ತಜ್ಞರ ಸಭೆಗೆ ಅಧ್ಯಕ್ಷರಾಗಿ, ಧರ್ಮಶಾಸ್ತ್ರಜ್ಞನ ಕೈಗೆ ರಾಜ್ಯದ ಪರಮಾಧಿಕಾರ ಕೊಡುವ ‘ವಿಲಾಯತೆ ಫಕೀಹ್’ ತತ್ತ್ವ ಅದರಲ್ಲಿ ಸೇರುವಂತೆ ದುಡಿದರು. ಮುಂದೆ ತಮ್ಮನ್ನೇ ಬಂಧಿಸಿಟ್ಟ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಅವರನ್ನು ಮೆಚ್ಚುವ ನಾವು ಇದನ್ನು ಮುಚ್ಚಿಡಬಾರದು.

1985ರಲ್ಲಿ ಅವರನ್ನು ಖೊಮೇನಿಯವರ ಉತ್ತರಾಧಿಕಾರಿಯೆಂದು ಆರಿಸಲಾಯಿತು. ಅಳಿಯನ ಸಹೋದರ ಮೆಹದಿ ಹಾಶೆಮಿಯನ್ನು 1987ರಲ್ಲಿ ಗಲ್ಲಿಗೇರಿಸಿದಾಗ ಗುರುಶಿಷ್ಯರ ನಡುವೆ ಬಿರುಕು ಬಿಟ್ಟಿತ್ತು ಎಂಬುದು ನಿಜ. ಆದರೆ ನಿರ್ಣಾಯಕವಾದದ್ದು 1988ರ ಬೇಸಿಗೆ. ಖೊಮೇನಿಯವರ ಆದೇಶದಂತೆ, ಅದಾಗಲೇ ಶಿಕ್ಷೆ ಅನುಭವಿಸುತ್ತಿದ್ದ ಸಾವಿರಾರು ರಾಜಕೀಯ ಕೈದಿಗಳನ್ನು ಕೆಲವೇ ನಿಮಿಷಗಳ ವಿಚಾರಣೆಯ ನಂತರ ಕೊಲ್ಲಲಾಯಿತು. ಮೊಂತಝೇರಿ ಗುರುವಿಗೆ ಪತ್ರ ಬರೆದು ಪ್ರತಿಭಟಿಸಿದರು. ಆಗಸ್ಟ್ 15ರಂದು ಆ ತೀರ್ಪುಗಳನ್ನು ಕೊಡುತ್ತಿದ್ದವರನ್ನೇ ಕರೆಸಿ, ಇಸ್ಲಾಮಿಕ್ ಗಣರಾಜ್ಯದಲ್ಲಿ ನಡೆದ ಅತಿ ದೊಡ್ಡ ಅಪರಾಧ ನಿಮ್ಮ ಕೈಯಿಂದ ನಡೆದಿದೆ, ಇತಿಹಾಸ ನಮ್ಮನ್ನು ಖಂಡಿಸುತ್ತದೆ ಎಂಬರ್ಥದ ಮಾತು ಹೇಳಿದರು. ಕನಿಷ್ಠ ಮೊಹರಂ ತಿಂಗಳಲ್ಲಾದರೂ ಕೈತಡೆಯಿರಿ ಎಂದು ಕೇಳಿಕೊಂಡರು. ಮುಂದೆ ಅಧ್ಯಕ್ಷರಾದ ಇಬ್ರಾಹಿಂ ರಯೀಸಿ ಆ ಸಭೆಯಲ್ಲಿದ್ದರು. ಮೊಂತಝೇರಿಯವರ ಮಗ 2016ರಲ್ಲಿ ಧ್ವನಿಮುದ್ರಿಕೆಯನ್ನು ಬಹಿರಂಗಪಡಿಸಿದ ಮೇಲೆ ಇದನ್ನು ಯಾರು ಬೇಕಾದರೂ ಕೇಳಬಹುದು. ಸುಮ್ಮನಿದ್ದಿದ್ದರೆ ಮರುವರ್ಷವೇ ಪಟ್ಟ ಅವರದಾಗುತ್ತಿತ್ತು, ಏಕೆಂದರೆ ಖೊಮೇನಿ 1989ರ ಜೂನ್‌ನಲ್ಲಿ ತೀರಿಕೊಂಡರು. ಮೊಂತಝೇರಿಯವರನ್ನು ಅದೇ ಮಾರ್ಚ್‌ನಲ್ಲಿ ಕೆಳಗಿಳಿಸಲಾಗಿತ್ತು.

ಕಳೆದುಕೊಳ್ಳಲು ಇಷ್ಟಿದ್ದಾಗ, ಅದೂ ತಮ್ಮ ಒಬ್ಬ ಮಗ ಆಡಳಿತದ ವಿರೋಧಿಗಳು ನಡೆಸಿದರೆನ್ನಲಾದ 1981ರ ಬಾಂಬ್ ದಾಳಿಗೆ ಬಲಿಯಾಗಿದ್ದರೂ, ವಿರೋಧಿಗಳ ಪ್ರಾಣಕ್ಕಾಗಿ ನಿಂತದ್ದನ್ನು ಹತಾಶೆಯೆನ್ನಲು ನನ್ನಿಂದಾಗದು.

ನಂತರದ ಚಿಂತನೆ ಇದರ ಮುಂದುವರಿಕೆಯೇ. ಫಕೀಹನು, ಅಂದರೆ ಧರ್ಮಶಾಸ್ತ್ರಜ್ಞನು, ಜನರ ಒಪ್ಪಿಗೆಯಿಂದ ಮೇಲ್ವಿಚಾರಣೆ ನಡೆಸಬೇಕೇ ಹೊರತು ಆಳಬಾರದು ಎಂದು ತಮ್ಮ ಹಳೆಯ ತತ್ತ್ವವನ್ನೇ ತಿದ್ದಿದರು. 1997ರಲ್ಲಿ, ಖೊಮೇನಿಯವರ ನಂತರ ಸರ್ವೋಚ್ಚ ನಾಯಕರಾದ ಖಮೇನಿಯವರ ಅಧಿಕಾರವನ್ನು ಬಹಿರಂಗವಾಗಿ ಪ್ರಶ್ನಿಸಿದ್ದಕ್ಕೆ 2003ರವರೆಗೆ ಗೃಹಬಂಧನದಲ್ಲಿದ್ದರು. ಅದರಿಂದಲೂ ಮೆತ್ತಗಾಗದೆ, 2008ರಲ್ಲಿ ಇರಾನಿನ ಅಲ್ಪಸಂಖ್ಯಾತ ಧರ್ಮೀಯರಾದ ಬಹಾಯಿಗಳಿಗೂ ಪೌರತ್ವದ ಹಕ್ಕುಗಳಿವೆ ಎಂದು ಫತ್ವಾ ಕೊಟ್ಟರು. 2009ರ ಅಧ್ಯಕ್ಷೀಯ ಚುನಾವಣಾ ಫಲಿತಾಂಶವನ್ನು ತಿರಸ್ಕರಿಸಿದರು. ಅದೇ ಡಿಸೆಂಬರ್‌ನಲ್ಲಿ ಕೋಮ್ ನಗರದಲ್ಲಿ ನಡೆದ ಅವರ ಅಂತ್ಯಯಾತ್ರೆ ಸರ್ಕಾರದ ವಿರುದ್ಧದ ಪ್ರತಿಭಟನೆಯಾಗಿ ಮಾರ್ಪಟ್ಟಿತು.