ಕೇಸ್ ಶೀಟು, ತಾಯಿ ಕಾರ್ಡು, ಫಾರಂ 4: ಆಸ್ಪತ್ರೆ ದಾಖಲೆಗಳ ಬಗ್ಗೆ ನೀವು ಕೇಳಿದ್ದು

ಈ ಸಲ ಬಂದ ಪ್ರಶ್ನೆಗಳಲ್ಲಿ ರೋಗಿಯ ಮನೆಯವರದ್ದೂ ಇದೆ, ದಿನವಿಡೀ ರಿಜಿಸ್ಟರ್ ಬರೆಯುವವರದ್ದೂ ಇದೆ. ನಾನು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡಿ, ಈಗ ಅದನ್ನೇ ಕಲಿಸುತ್ತಿದ್ದೇನೆ. ಎಲ್ಲರಿಗೂ ಹೇಳುವ ಮಾತು ಒಂದೇ. ಯಾವುದೇ ಅಂಕಿಯನ್ನು ಹಿಡಿದು ಹಿಂದಕ್ಕೆ ಹೋದರೆ ರಿಜಿಸ್ಟರಿನ ಒಂದು ಸಾಲು ಸಿಗಬೇಕು, ಆ ಸಾಲಿನಿಂದ ಒಬ್ಬ ರೋಗಿ ಸಿಗಬೇಕು. ಕೆಳಗಿನ ಉತ್ತರಗಳಲ್ಲೂ ಅದೇ ಬರುತ್ತದೆ.

ಅಪ್ಪನಿಗೆ ಎರಡು ವರ್ಷದ ಹಿಂದೆ ಖಾಸಗಿ ಆಸ್ಪತ್ರೆಯಲ್ಲಿ ಹೊಟ್ಟೆ ಆಪರೇಷನ್ ಆಗಿತ್ತು. ಈಗ ಬೇರೆ ಡಾಕ್ಟರು ಹಳೇ ಫೈಲು ತನ್ನಿ ಅಂತಾರೆ. ಆಸ್ಪತ್ರೆಯವರು "ಡಿಸ್ಚಾರ್ಜ್ ಸಮ್ಮರಿ ಕೊಟ್ಟಿದ್ದೀವಲ್ಲ, ಕೇಸ್ ಶೀಟು ಹೊರಗೆ ಕೊಡಲ್ಲ" ಅಂತಾರೆ. ಏನು ಮಾಡಲಿ? (ಹಾಸನ)

ಕೊಡಲೇಬೇಕು. ವೈದ್ಯರ ನಡವಳಿಕೆ ಬಗ್ಗೆ 2002ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ಮಾಡಿದ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು. ರೋಗಿಯೋ ಅವರ ಪರವಾಗಿ ಅಧಿಕಾರ ಪಡೆದವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂತು, ಆದರೆ ಅದೇ ತಿಂಗಳು ಅದನ್ನು ತಡೆಹಿಡಿದು 2002ರದ್ದನ್ನೇ ಮುಂದುವರಿಸಿದರು. ನಿಮಗೆ ಇನ್ನು ಒಂದು ವರ್ಷವಷ್ಟೇ ಉಳಿದಿದೆ, ಹಾಗಾಗಿ ಈ ವಾರವೇ ಹೋಗಿ.

ರಿಸೆಪ್ಷನ್‌ನಲ್ಲಿ ಬಾಯಿಮಾತಲ್ಲಿ ಕೇಳಬೇಡಿ, ಅಲ್ಲಿ ಕೂತವರಿಗೆ ಇಲ್ಲ ಅನ್ನೋದು ಸುಲಭ. ಅರ್ಜಿ ಬರೆದುಕೊಂಡು ಹೋಗಿ ಎಂಆರ್‌ಡಿ, ಅಂದರೆ ದಾಖಲೆ ವಿಭಾಗ, ಎಲ್ಲಿದೆ ಅಂತ ಕೇಳಿ. ಅರ್ಜಿಯಲ್ಲಿ ಡಿಸ್ಚಾರ್ಜ್ ಸಮ್ಮರಿ ಮೇಲಿರುವ ಐಪಿ (ಒಳರೋಗಿ) ನಂಬರು, ಅಡ್ಮಿಟ್ ಆದ ದಿನ, ಬಿಡುಗಡೆಯಾದ ದಿನ ಇರಲಿ. ಅಪ್ಪ ಬರಲಾಗದಿದ್ದರೆ ಅವರ ಸಹಿ ಇರುವ ಒಪ್ಪಿಗೆ ಪತ್ರ ಮತ್ತು ಗುರುತಿನ ಚೀಟಿಯ ಜೆರಾಕ್ಸ್ ಜೊತೆಗಿಡಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಬರಬೇಡಿ, 72 ಗಂಟೆ ಲೆಕ್ಕ ಶುರುವಾಗುವುದು ಅಲ್ಲಿಂದ. ಏನೇನು ಬೇಕು ಅಂತ ಹೆಸರಿಟ್ಟು ಕೇಳಿ: ಆಪರೇಷನ್ ನೋಟ್ಸ್, ಅರಿವಳಿಕೆ ಶೀಟು, ಬಯಾಪ್ಸಿ ವರದಿ, ಲ್ಯಾಬ್ ರಿಪೋರ್ಟುಗಳು. ಸಿ.ಟಿ. ಸ್ಕ್ಯಾನ್ ಆಗಿದ್ದರೆ ಡೈಕಾಂ (ಸ್ಕ್ಯಾನ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡುವ) ರೂಪದ ಸಿಡಿ ಕೇಳಿ, ಏಕೆಂದರೆ ಬರೀ ವರದಿ ಓದಿ ಹೊಸ ಡಾಕ್ಟರಿಗೆ ಜಾಸ್ತಿ ಏನೂ ತಿಳಿಯುವುದಿಲ್ಲ, ಅವರಿಗೆ ಚಿತ್ರಗಳೇ ಬೇಕು. ಬಯಾಪ್ಸಿ ಆಗಿದ್ದರೆ ತೆಗೆದ ತುಣುಕನ್ನು ಇಟ್ಟಿರುವ ಸ್ಲೈಡು, ಬ್ಲಾಕು ಕೂಡ ಕೇಳಿ. ಮೂಲ ಫೈಲು ಆಸ್ಪತ್ರೆಯಲ್ಲೇ ಉಳಿಯುತ್ತದೆ, ನಿಮಗೆ ಸಿಗುವುದು ಸಹಿ ಮಾಡಿದ ನಕಲು. ಜೆರಾಕ್ಸ್ ಖರ್ಚು ಕೇಳಿದರೆ ಕೊಟ್ಟುಬಿಡಿ.

ಆಮೇಲೂ ಕೊಡದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ) ಪ್ರಾಧಿಕಾರ ಅಂತ ಪ್ರತಿ ಜಿಲ್ಲೆಯಲ್ಲೂ ಇದೆ. ದೂರನ್ನು ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಲ್ಲಿ ಕೊಡಬಹುದು. ವೈದ್ಯರ ಮೇಲಿನ ದೂರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ.

ನಾನು ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡೇಟಾ ಎಂಟ್ರಿ ಮಾಡುತ್ತೇನೆ. ಎಚ್‌ಎಂಐಎಸ್‌ನಲ್ಲಿ (ಆಸ್ಪತ್ರೆಗಳು ತಿಂಗಳ ಲೆಕ್ಕ ಹಾಕುವ ಸರ್ಕಾರಿ ಪೋರ್ಟಲ್) ಹೆರಿಗೆ ಸಂಖ್ಯೆ ಒಂದು, ತಾಯಿ-ಮಕ್ಕಳ ಆರೋಗ್ಯದ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಇನ್ನೊಂದು. ಪ್ರತಿ ತಿಂಗಳ ಮೀಟಿಂಗ್‌ನಲ್ಲಿ ಬೈಸಿಕೊಳ್ಳುತ್ತೇವೆ. "ಎರಡೂ ಸರಿ ಮಾಡ್ಕೊಂಡು ಬನ್ನಿ" ಅಂತಾರೆ. ಹೇಗೆ ಸರಿ ಮಾಡೋದು ಮೇಡಂ? (ರಾಯಚೂರು ಜಿಲ್ಲೆ)

ಮೊದಲು ಒಂದು ಮಾತು. ಆ ಎರಡು ಸಂಖ್ಯೆ ಒಂದೇ ಆಗಬೇಕಾಗಿಯೇ ಇಲ್ಲ. ಒಂದೇ ಆಗಲಿ ಅಂತ ದಯವಿಟ್ಟು ಯಾವ ಅಂಕಿಯನ್ನೂ ತಿದ್ದಬೇಡಿ.

ಎಚ್‌ಎಂಐಎಸ್ 2008ರಿಂದ ಇದೆ. ಅದು ಕೇಳುವುದು, ನಿಮ್ಮ ಕೇಂದ್ರದಲ್ಲಿ ಈ ತಿಂಗಳು ಏನು ಕೆಲಸ ಆಯಿತು ಅಂತ. ಹೆರಿಗೆ ಎಲ್ಲಿ ಆಯಿತೋ ಆ ಆಸ್ಪತ್ರೆಯ ಲೆಕ್ಕಕ್ಕೆ ಹೋಗುತ್ತದೆ. ಆರ್‌ಸಿಎಚ್ ಹಾಗಲ್ಲ. ಅದು ಹೆಸರು ಹಿಡಿದು ಒಬ್ಬೊಬ್ಬ ತಾಯಿಯ ಹಿಂದೆ ಹೋಗುತ್ತದೆ, ಅವಳು ಎಲ್ಲೇ ಹೆತ್ತರೂ ಅವಳ ಊರಿನ ಪಟ್ಟಿಯಲ್ಲೇ ಬರುತ್ತಾಳೆ. ನಿಮ್ಮ ಪಿಎಚ್‌ಸಿಯಲ್ಲಿ ಹೆರಿಗೆಯೇ ಆಗದ ತಿಂಗಳೂ ನಿಮ್ಮ ಹಳ್ಳಿಗಳ ತಾಯಂದಿರು ತಾಲ್ಲೂಕು ಆಸ್ಪತ್ರೆಯಲ್ಲಿ ಹೆತ್ತಿರುತ್ತಾರೆ ಅಲ್ವಾ? ಆಗ ಎಚ್‌ಎಂಐಎಸ್‌ನಲ್ಲಿ ಸೊನ್ನೆ, ಆರ್‌ಸಿಎಚ್‌ನಲ್ಲಿ ಹೆರಿಗೆಗಳು. ಎರಡೂ ನಿಜ.

ನಿಜವಾದ ತಪ್ಪು ಇರುವುದು ಬೇರೆ ಕಡೆ. ಲಕ್ಷ್ಮಿ ಅನ್ನೋ ಹುಡುಗಿಯನ್ನೇ ತೆಗೆದುಕೊಳ್ಳಿ. ಗಂಡನ ಮನೆ ಮಾನ್ವಿ ಕಡೆ, ತವರು ಲಿಂಗಸುಗೂರು ಕಡೆ. ಮೂರು ತಿಂಗಳಾದಾಗ ಗಂಡನ ಊರಲ್ಲಿ ನೋಂದಣಿಯಾಗಿ ತಾಯಿ ಕಾರ್ಡು ಸಿಕ್ಕಿತು. ಕುಬಸ ಮುಗಿಸಿ ತವರಿಗೆ ಬಂದಳು, ಬರುವಾಗ ಕಾರ್ಡು ಅತ್ತೆ ಮನೆಯಲ್ಲೇ ಉಳಿಯಿತು. ಇಲ್ಲಿಯ ಆಶಾ ಮನೆಗೆ ಹೋದಾಗ "ಕಾರ್ಡ್ ಇಲ್ಲ" ಅಂದಳು, ಆಶಾ ಮತ್ತೆ ಹೊಸದಾಗಿ ಬರೆಸಿದಳು. ಹೆರಿಗೆ ಆಗಿದ್ದು ತಾಲ್ಲೂಕು ಆಸ್ಪತ್ರೆಯಲ್ಲಿ. ಈಗ ಒಬ್ಬಳೇ ತಾಯಿಗೆ ಎರಡು ಐಡಿ. ಮಾನ್ವಿ ಕಡೆಯ ಪಟ್ಟಿಯಲ್ಲಿ ಅವಳು ಇನ್ನೂ ಗರ್ಭಿಣಿ, ಅಲ್ಲಿಯ ಪಿಎಚ್‌ಸಿಒ (ಊರಿನ ಆರೋಗ್ಯ ಕಾರ್ಯಕರ್ತೆ) ಫೋನ್ ಮಾಡಿ ಮಾಡಿ ಸುಸ್ತು. ಲಿಂಗಸುಗೂರು ಕಡೆಯ ಪಟ್ಟಿ ನೋಡಿದರೆ ಏಳನೇ ತಿಂಗಳವರೆಗೆ ಒಂದು ತಪಾಸಣೆಯನ್ನೂ ಮಾಡಿಸಿಕೊಳ್ಳದ ತಾಯಿ. ಇದರಿಂದ ಹಾಳಾಗುವುದು ಮೀಟಿಂಗ್ ಮಾತ್ರ ಅಲ್ಲ. ಮೊದಲ ಊರಲ್ಲಿ ರಕ್ತ ಕಮ್ಮಿ ಇದೆ ಅಂತ ಗುರುತಿಸಿ ಬರೆದಿದ್ದರೆ, ಹೆರಿಗೆ ಮಾಡಿಸುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ನನಗೆ ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಚಿಂತೆ ಅದೇ.

ಹಾಗಾಗಿ ತವರಿಗೆ ಬಂದವಳನ್ನು ಕಂಡ ತಕ್ಷಣ ಹೊಸ ನೋಂದಣಿ ಬೇಡ. ಗಂಡನ ಮನೆಗೆ ಫೋನ್ ಹಚ್ಚಿಸಿ ಕಾರ್ಡಿನ ಫೋಟೋ ವಾಟ್ಸಾಪ್ ಮಾಡಿಸಿಕೊಳ್ಳಿ, ಆ ನಂಬರಿನಿಂದಲೇ ಹುಡುಕಿ. ಹೆಸರು ಹಾಕಿ ಹುಡುಕಿದರೆ ಒಂದೇ ಹಳ್ಳಿಯಲ್ಲಿ ಮೂರು ಲಕ್ಷ್ಮಿ ಸಿಗುತ್ತಾರೆ, ಅದರಲ್ಲಿ ಇಬ್ಬರ ಗಂಡನ ಹೆಸರೂ ಮಂಜುನಾಥ ಇರಬಹುದು.

ಇನ್ನೊಂದು, ಖಾಲಿ ಬಿಡುವುದು ಮತ್ತು ಸೊನ್ನೆ ಹಾಕುವುದು. ಸೊನ್ನೆ ಅಂದರೆ ನೋಡಿದೆವು, ಏನೂ ಆಗಿಲ್ಲ. ಖಾಲಿ ಅಂದರೆ ನೋಡಿದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಜಿಲ್ಲೆಯವರು ಕೂಡಿಸುವಾಗ ಎರಡೂ ಒಂದೇ ಥರ ಕಾಣುತ್ತವೆ. ಮಕ್ಕಳ ಸಾವಿನ ಕಲಂನಲ್ಲಿ ಹೀಗಾದರೆ ಯಾವ ತಾಲ್ಲೂಕಿನಲ್ಲಿ ನಿಜಕ್ಕೂ ಸಾವಿಲ್ಲ, ಯಾವ ತಾಲ್ಲೂಕಿನವರು ಬರೆದೇ ಇಲ್ಲ ಅನ್ನೋದು ತಿಳಿಯುವುದಿಲ್ಲ.

ಕಳಿಸುವ ಮುಂಚೆ ಹೆರಿಗೆ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಒಂದು ಸಲ ತಾಳೆ ನೋಡಿ. ಜೀವಂತ ಹುಟ್ಟಿದ್ದು, ಸತ್ತು ಹುಟ್ಟಿದ್ದು ಎರಡನ್ನೂ ಕೂಡಿದರೆ ಹೆರಿಗೆಗಳಿಗಿಂತ ಕಮ್ಮಿ ಬರಬಾರದು. ಜಾಸ್ತಿ ಬಂದರೆ ಅವಳಿ ಇರಬೇಕು, ರಿಜಿಸ್ಟರಿನಲ್ಲಿ ಆ ಅವಳಿ ಸಿಗಬೇಕು. ಮೀಟಿಂಗ್‌ಗೆ ಹೋಗುವಾಗ ವ್ಯತ್ಯಾಸಕ್ಕೆ ಕಾರಣವಾದ ಹೆಸರುಗಳ ಪಟ್ಟಿ ಕೈಯಲ್ಲಿರಲಿ: ಇಷ್ಟು ತಾಲ್ಲೂಕು ಆಸ್ಪತ್ರೆಯಲ್ಲಿ, ಇಷ್ಟು ಖಾಸಗಿಯಲ್ಲಿ, ಇಷ್ಟು ತವರಿಗೆ ಹೋದವರು. ಹೆಸರಿನ ಪಟ್ಟಿ ಎದುರಿಗಿಟ್ಟರೆ ಆರ್‌ಸಿಎಚ್‌ಒ (ತಾಯಿ-ಮಕ್ಕಳ ಆರೋಗ್ಯದ ಜಿಲ್ಲಾ ಅಧಿಕಾರಿ) ಕೂಡ ಬೈಯುವ ಬದಲು ಪಟ್ಟಿ ಓದುತ್ತಾರೆ.

ನಮ್ಮದು 30 ಹಾಸಿಗೆಯ ನರ್ಸಿಂಗ್ ಹೋಂ. ರೂಮು ತುಂಬಾ ಹಳೇ ಫೈಲು, ಬೇಕಾದ್ದು ಸಿಗಲ್ಲ. ಎಲ್ಲ ಸ್ಕ್ಯಾನ್ ಮಾಡಿಸಿಬಿಡೋಣ ಅಂತ ಯೋಚನೆ. (ದಾವಣಗೆರೆ)

ಈಗಲೇ ಬೇಡ. ಕಾಗದದಲ್ಲಿ ಸಿಗದ ಫೈಲು ಸ್ಕ್ಯಾನ್ ಮಾಡಿದರೂ ಸಿಗುವುದಿಲ್ಲ, ಪಿಡಿಎಫ್ ರಾಶಿಯಲ್ಲಿ ಕಳೆದುಹೋಗುತ್ತದೆ. ಮೊದಲು ಒಬ್ಬ ರೋಗಿಗೆ ಒಂದೇ ನಂಬರ್ ಇದೆಯಾ ನೋಡಿ. ತುಂಬಾ ನರ್ಸಿಂಗ್ ಹೋಂಗಳಲ್ಲಿ ರೋಗಿ ಬಂದಾಗಲೆಲ್ಲ ಹೊಸ ನಂಬರ್ ಕೊಡುತ್ತಾರೆ, ಹೀಗಾಗಿ ಒಬ್ಬರದೇ ನಾಲ್ಕು ಫೈಲು ನಾಲ್ಕು ಕಪಾಟಿನಲ್ಲಿರುತ್ತವೆ. ಹೆಸರು, ಹುಟ್ಟಿದ ವರ್ಷ, ಫೋನ್, ಊರು, ಯುಎಚ್‌ಐಡಿ (ರೋಗಿಗೆ ಆಸ್ಪತ್ರೆ ಕೊಡುವ ಆ ಒಂದೇ ನಂಬರ್) ಇಷ್ಟಿರುವ ಒಂದು ಸೂಚಿ ಮಾಡಿ, ಎಕ್ಸೆಲ್ ಸಾಕು. ವಯಸ್ಸು ಬರೆಯಬೇಡಿ, ಅದು ವರ್ಷವರ್ಷ ಬದಲಾಗುತ್ತದೆ.

ಫೈಲು ಹೊರಗೆ ಹೋದಾಗ ಆ ಜಾಗದಲ್ಲಿ ಒಂದು ರಟ್ಟಿನ ಚೀಟಿ ಇಡಿಸಿ: ಯಾರು ಒಯ್ದರು, ಯಾವತ್ತು, ಎಲ್ಲಿಗೆ. ಕಾಣೆಯಾದ ಫೈಲುಗಳಲ್ಲಿ ಹೆಚ್ಚಿನವು ನಿಜವಾಗಿ ಕಳೆದಿರುವುದಿಲ್ಲ, ಯಾರದೋ ಟೇಬಲ್ ಮೇಲೆ, ಇಲ್ಲ ಇನ್ಶೂರೆನ್ಸ್ ಡೆಸ್ಕಿನಲ್ಲಿ ಇರುತ್ತವೆ. ವಿಲೇವಾರಿ ಮಾಡುವಾಗ ಎಂಎಲ್‌ಸಿ (ಪೊಲೀಸ್, ಕೋರ್ಟಿಗೆ ಸಂಬಂಧಿಸಿದ) ಫೈಲುಗಳನ್ನು ಬೇರೆ ಮಾಡಿ, ಕೋರ್ಟಿನಲ್ಲಿ ಕೇಸ್ ಮುಗಿಯುವವರೆಗೆ ಮುಟ್ಟಬೇಡಿ. ಗರ್ಭಿಣಿಯರ ಸ್ಕ್ಯಾನಿಂಗ್ ಸೆಂಟರ್ ಇದ್ದರೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯ ಫಾರಂ ಎಫ್‌ಗಳನ್ನು 2 ವರ್ಷ ಇಡಬೇಕು, ಕೇಸ್ ನಡೆಯುತ್ತಿದ್ದರೆ ಅದು ಮುಗಿಯುವವರೆಗೆ. ಇಷ್ಟೆಲ್ಲ ಆದ ಮೇಲೆ ಹೊಸ ಫೈಲುಗಳಿಂದ ಸ್ಕ್ಯಾನ್ ಶುರು ಮಾಡಿ.

ಹೌಸ್ ಸರ್ಜನ್ ನಾನು. ಮರಣದ ಕಾರಣಕ್ಕೆ "ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್" ಅಂತ ಬರೆದರೆ ಎಂಆರ್‌ಡಿಯವರು ಫಾರಂ 4 (ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ) ವಾಪಸ್ ಕಳಿಸುತ್ತಾರೆ. ಸೀನಿಯರ್‌ಗಳೂ ಹಾಗೇ ಬರೆಯುತ್ತಾರಲ್ಲ? (ಹುಬ್ಬಳ್ಳಿ)

ವಾಪಸ್ ಕಳಿಸುವವರು ಸರಿ ಡಾಕ್ಟರೇ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ, ಉಸಿರೂ ನಿಂತಿರುತ್ತದೆ. ಅದು ಸಾವು ಆದ ರೀತಿ. ಫಾರಂ ಕೇಳುತ್ತಿರುವುದು ಕಾರಣ.

58 ವರ್ಷದ ಒಬ್ಬರು, 15 ವರ್ಷದಿಂದ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೊಳೆತು, ನಂಜೇರಿ, ಐಸಿಯುನಲ್ಲಿ ತೀರಿಕೊಂಡರು ಅಂದುಕೊಳ್ಳಿ. ಮೊದಲ ಭಾಗದ (ಎ) ಸಾಲಿನಲ್ಲಿ ಸೆಪ್ಟಿಕ್ ಶಾಕ್, 2 ದಿನ. (ಬಿ) ಕಾಲಿನ ಗ್ಯಾಂಗ್ರಿನ್, 3 ವಾರ. (ಸಿ) ಟೈಪ್ 2 ಡಯಾಬಿಟಿಸ್, 15 ವರ್ಷ. ಜೊತೆಗೆ ಬಿಪಿ ಇದ್ದು ಅದೂ ಕೈ ಜೋಡಿಸಿದೆ ಅನಿಸಿದರೆ ಎರಡನೇ ಭಾಗಕ್ಕೆ. ಮೇಲಿನಿಂದ ಓದುತ್ತಾ ಪ್ರತಿ ಸಾಲಿಗೂ "ಇದು ಯಾತರಿಂದ?" ಅಂತ ಕೇಳಿಕೊಂಡು ಕೆಳಗಿಳಿಯಿರಿ, ಎಲ್ಲದಕ್ಕೂ ಮೂಲವಾದದ್ದು ಕೊನೆಯ ಸಾಲಿನಲ್ಲಿ ಇರಬೇಕು. ಈ ಸಾವು ಐಸಿಡಿ-10ರಲ್ಲಿ (ಕಾಯಿಲೆಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿ) ಇ11.5ಕ್ಕೆ ಹೋಗುತ್ತದೆ, ಅಂದರೆ ಡಯಾಬಿಟಿಸ್‌ನಿಂದ ರಕ್ತನಾಳ ಹಾಳಾಗಿ ಆದ ಸಾವು. ನೀವು ಬರೀ ಅರೆಸ್ಟ್ ಅಂತ ಬರೆದಿದ್ದರೆ ಐ46.9, ಹೃದಯ ನಿಂತಿತು ಅಂತ ಅಷ್ಟೇ. ಕೋಡ್ ಮಾಡುವವರು ನಿಮ್ಮ ಮನಸ್ಸಿನಲ್ಲಿ ಇದ್ದದ್ದನ್ನು ಊಹಿಸುವ ಹಾಗಿಲ್ಲ. ಆ ಊರಲ್ಲಿ ಸಕ್ಕರೆ ಕಾಯಿಲೆಯಿಂದ ಎಷ್ಟು ಜನ ಸಾಯುತ್ತಿದ್ದಾರೆ ಅನ್ನೋ ಲೆಕ್ಕದಿಂದ ಒಬ್ಬರು ಬಿಟ್ಟುಹೋದ ಹಾಗಾಯಿತು.

ಅವಧಿಯ ಕಲಂ ಖಾಲಿ ಬಿಡಬೇಡಿ. ಸಂಕ್ಷಿಪ್ತ ಅಕ್ಷರ ಬೇಡ, ಎಂಐ ಅಂದರೆ ಒಬ್ಬರಿಗೆ ಹೃದಯಾಘಾತ, ಇನ್ನೊಬ್ಬರಿಗೆ ಮೈಟ್ರಲ್ ಕವಾಟದ ಸೋರಿಕೆ. ಸತ್ತವರು ಹೆಣ್ಣುಮಗಳಾದರೆ ಗರ್ಭಿಣಿಯಾಗಿದ್ದರಾ, ಹೆರಿಗೆ ಆಗಿತ್ತಾ ಅನ್ನೋ ಪ್ರಶ್ನೆ ಫಾರಂನಲ್ಲೇ ಇದೆ. ಹೆರಿಗೆಯಾಗಿ 42 ದಿನದೊಳಗಿನ ಸಾವು ತಾಯಿ ಮರಣ ಆಗಿರಬಹುದು, ಮನೆಯವರನ್ನು ಕೇಳಿಯೇ ಬರೆಯಿರಿ.

ಆಭಾ ನಂಬರ್ ಮಾಡಿಸಿಕೊಂಡರೆ ನಮ್ಮ ಕಾಯಿಲೆ ವಿಷಯ ಎಲ್ಲ ಆಸ್ಪತ್ರೆಗೂ ಗೊತ್ತಾಗುತ್ತಾ? (ಬೆಂಗಳೂರು)

ಇಲ್ಲ. ಆಭಾ ಅನ್ನೋದು 14 ಅಂಕಿಯ ಒಂದು ಗುರುತು, 2021ರ ಸೆಪ್ಟೆಂಬರ್‌ನಲ್ಲಿ ದೇಶದೆಲ್ಲೆಡೆ ಶುರುವಾದ ಡಿಜಿಟಲ್ ಆರೋಗ್ಯ ಯೋಜನೆಯದು. ನಿಮ್ಮ ರಿಪೋರ್ಟು ಅದನ್ನು ತಯಾರಿಸಿದ ಆಸ್ಪತ್ರೆ ಅಥವಾ ಲ್ಯಾಬಿನಲ್ಲೇ ಇರುತ್ತದೆ. ಇನ್ನೊಬ್ಬ ಡಾಕ್ಟರು ನೋಡಬೇಕಾದರೆ ನಿಮ್ಮ ಆ್ಯಪ್‌ಗೆ ಕೋರಿಕೆ ಬರುತ್ತದೆ: ಯಾರು ಕೇಳುತ್ತಿದ್ದಾರೆ, ಯಾವ ದಾಖಲೆ, ಯಾವ ದಿನದಿಂದ ಯಾವ ದಿನದವರೆಗಿನದು. ನೀವು ಒಪ್ಪಬಹುದು, ಬೇಡ ಅನ್ನಬಹುದು, ಆಮೇಲೆ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. ಕಡ್ಡಾಯವೂ ಅಲ್ಲ, ಮತ್ತು ಇದು ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಅಲ್ಲ, ಇವೆರಡನ್ನು ತುಂಬಾ ಜನ ಒಂದೇ ಅಂದುಕೊಂಡಿದ್ದಾರೆ.

ಒಟಿಪಿ ಬಂದ ತಕ್ಷಣ ಕೌಂಟರಿನವರಿಗೆ ಹೇಳಿಬಿಡುವ ಅಭ್ಯಾಸ ಮಾತ್ರ ಬಿಡಿ, ಏನಕ್ಕೆ ಒಪ್ಪುತ್ತಿದ್ದೀರಿ ಅಂತ ಓದಿ ಆಮೇಲೆ ಕೊಡಿ. ಮಾಡಿಸಿಕೊಂಡಿದ್ದರೆ ರಿಜಿಸ್ಟ್ರೇಷನ್ ಹೊತ್ತಿಗೇ ಆ ನಂಬರ್ ಬರೆಸಿ. ಹಾಗೆ ಜೋಡಿಸದೆ ಬಿಟ್ಟರೆ ಅವತ್ತಿನ ರಿಪೋರ್ಟು ನಿಮ್ಮ ಆ್ಯಪ್‌ನಲ್ಲಿ ಬರುವುದಿಲ್ಲ. ರಿಪೋರ್ಟು ಆ್ಯಪ್‌ನಲ್ಲಿ ಬರುವವರೆಗೆ ಕಾಗದದ ಫೈಲನ್ನು ಎಸೆಯಬೇಡಿ.