ಹಳೇ ಮನೆ, ಹಿಂದಿನ ಕೋಣೆಗೆ ವೈಫೈ ಬರಲ್ಲ. ಓಪನ್‌ಡಬ್ಲ್ಯುಆರ್‌ಟಿ ಹಾಕೋಕೆ ಯಾವ ರೂಟರ್ ತಗೊಳ್ಳಲಿ?

ಪಡಸಾಲೆಯಲ್ಲಿ ಫುಲ್ ಸಿಗ್ನಲ್, ಹಿಂದೆ ಹೋದರೆ ಸೊನ್ನೆ, ಅಲ್ವಾ? ನಮ್ಮದು ಹಳೇ ಬಾಗಲಕೋಟೆಯ ಮನೆ. ಕಲ್ಲಿನ ಗೋಡೆ, ಕಿಟಕಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವಷ್ಟು ದಪ್ಪ. ರೂಟರಿನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಬದಲಿಸಿ, ಅಂದರೆ ಕಂಪನಿಯದ್ದು ತೆಗೆದು ಓಪನ್‌ಡಬ್ಲ್ಯುಆರ್‌ಟಿ ಹಾಕಿ, ಟ್ರಾನ್ಸ್‌ಮಿಟ್ ಪವರ್ ಏರಿಸಿದರೆ ಮುಗೀತು ಅಂತ ನಾನೂ ನಂಬಿದ್ದೆ.

ಬೆಳಗಾವಿಗೆ ಹೋದಾಗ ಸೆಕೆಂಡ್ ಹ್ಯಾಂಡ್ ರೂಟರ್ ತಂದೆ. ಅದರ ಮಾಡೆಲ್ ಹೆಸರು ಓಪನ್‌ಡಬ್ಲ್ಯುಆರ್‌ಟಿ ನಡೆಯುವ ರೂಟರ್‌ಗಳ ಪಟ್ಟಿಯಲ್ಲಿತ್ತು. ಅಷ್ಟೇ ನೋಡಿದ್ದು, ಅಲ್ಲೇ ಕೆಟ್ಟಿದ್ದು. ಹೆಸರು ಒಂದೇ ಇದ್ದರೂ ಒಳಗಿನ ಸಾಮಾನು ಒಂದೇ ಇರಲ್ಲ. ಟಿಪಿ-ಲಿಂಕ್‌ನ ಡಬ್ಲ್ಯುಆರ್841ಎನ್ ನೋಡಿ. ವರ್ಶನ್ 13ರಲ್ಲಿ 8 ಎಂಬಿ ಫ್ಲ್ಯಾಶ್ (ಫರ್ಮ್‌ವೇರ್ ಕೂರುವ ಜಾಗ), 64 ಎಂಬಿ ರ‍್ಯಾಮ್. ನಂತರ ಬಂದ 14ರಲ್ಲಿ 4 ಮತ್ತು 32. ಹೊಸದರಲ್ಲಿ ಅರ್ಧಕ್ಕರ್ಧ ಕಡಿಮೆ! ರೂಟರ್ ತಿರುವಿ ಹಾಕಿದರೆ ಕೆಳಗಿನ ಸ್ಟಿಕರ್‌ನಲ್ಲಿ, ಸೀರಿಯಲ್ ನಂಬರಿನ ಆಸುಪಾಸು, ಇರುವೆಯಂಥ ಅಕ್ಷರದಲ್ಲಿ ವರ್ಶನ್ ಬರೆದಿರುತ್ತದೆ.

ನನ್ನದು ಬೇರೆ ಮಾಡೆಲ್, ಕಥೆ ಮಾತ್ರ ಇದೇ. ಬೇರೆ ವರ್ಶನ್ನಿನ ಫೈಲ್ ಇಳಿಸಿಕೊಂಡೆ. ರೂಟರಿನ ಅಪ್‌ಗ್ರೇಡ್ ಪುಟ ಅದನ್ನು ತಗೊಳ್ಳಲಿಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು. ಕಂಪನಿಯವರು ಬೇಕಂತಲೇ ತಡೀತಿದ್ದಾರೆ ಅಂದುಕೊಂಡು ರೀಸೆಟ್ ಗುಂಡಿ ಒತ್ತಿ ಹಿಡಿದು ಆನ್ ಮಾಡಿ, ಟಿಎಫ್‌ಟಿಪಿ ರಿಕವರಿಯಿಂದ (ಕೆಟ್ಟ ರೂಟರ್ ಎಬ್ಬಿಸಲು ವೈರ್ ಮೂಲಕ ಫೈಲ್ ಕಳಿಸುವ ದಾರಿ) ತುರುಕಿದೆ. ಆ ದಾರಿಯಲ್ಲಿ ಕೇಳೋರು ಯಾರೂ ಇರಲಿಲ್ಲ, ಕೊಟ್ಟಿದ್ದನ್ನು ಬರಕೊಂಡಿತು. ಪವರ್ ಲೈಟ್ ಬಿಟ್ಟು ಎಲ್ಲಾ ಆರಿತು.

ಮೊಬೈಲ್ ರಿಪೇರಿ ಮಾಡುವ ಗೆಳೆಯ ಎಂಟು ಕಾಲಿನ ಫ್ಲ್ಯಾಶ್ ಚಿಪ್ ಬಿಚ್ಚಿ, ಅದೇ ವರ್ಶನ್ನಿನ ಇನ್ನೊಂದು ರೂಟರಿನ ಕಾಪಿ ಬರೆದು ಎಬ್ಬಿಸಿದ. ಎದ್ದಿತು, ಆದರೆ ವೈಫೈ ಕುಂಟುತ್ತಿತ್ತು. ಫ್ಯಾಕ್ಟರಿಯಲ್ಲಿ ಆಯಾ ರೂಟರಿನ ರೇಡಿಯೋ ಅಳೆದು ಬರೆದ ಕ್ಯಾಲಿಬ್ರೇಶನ್ ಡೇಟಾ, ಮ್ಯಾಕ್ ಅಡ್ರೆಸ್ (ರೂಟರಿನ ಗುರುತಿನ ಸಂಖ್ಯೆ) ಎಲ್ಲಾ ಆ ಚಿಪ್‌ನಲ್ಲೇ ಇರುತ್ತವೆ. ಒಂದರದ್ದು ಇನ್ನೊಂದಕ್ಕೆ ಸರಿ ಕೂಡಲ್ಲ. ಮೂಲದ ಬ್ಯಾಕಪ್ ಇದ್ದಿದ್ದರೆ ಉಳಿಯುತ್ತಿತ್ತು. ನಾನೆಲ್ಲಿ ಇಟ್ಟಿದ್ದೆ!

ಕೊನೆಗೆ ಕೇಬಲ್ ಹುಡುಗ ಬಂದವನು ಗೋಡೆ ತಟ್ಟಿ ಕೇಳಿದ: "ಸರ, ಇಷ್ಟ್ ದಪ್ಪ ಗ್ವಾಡಿ ಐತಿ, ವೈಫೈ ಹೆಂಗ್ ದಾಟ್ತೈತ್ರಿ?" ನವನಗರದಲ್ಲಿ ನನ್ನ ತಮ್ಮನ ಇಟ್ಟಿಗೆ ಮನೆಗೆ ಸಾದಾ ರೂಟರ್ ಒಂದೇ ಸಾಕಾಗುತ್ತದೆ. ರೂಟರಿನ ಪವರ್ ಏರಿಸಿದರೂ ಫೋನಿನ ಪವರ್ ಏರಲ್ಲ. ಅದರ ಸಿಗ್ನಲ್ಲೂ ಗೋಡೆ ದಾಟಿ ವಾಪಸ್ ಬರಬೇಕಲ್ಲ.

ಹಾಗಾಗಿ ಈ ಕೆಲಸಕ್ಕೆ ಯಾವ ರೂಟರೂ ತಗೋಬೇಡಿ. ಈಗಿನ ರೂಟರಿನಿಂದ ಹಿಂದಿನ ಕೋಣೆಗೆ ಕ್ಯಾಟ್6 ನೆಟ್‌ವರ್ಕ್ ವೈರ್ ಎಳೆಸಿ. ಮನೆಯಲ್ಲಿ ಬಿದ್ದಿರುವ ಹಳೇ ರೂಟರಿನ ಐಪಿ (ನೆಟ್‌ವರ್ಕ್ ವಿಳಾಸ) ಬದಲಿಸಿ, ಡಿಎಚ್‌ಸಿಪಿ (ಬೇರೆ ಸಾಧನಗಳಿಗೆ ಐಪಿ ಹಂಚುವ ಕೆಲಸ) ಆಫ್ ಮಾಡಿ, ವೈರನ್ನು ಅದರ ಲ್ಯಾನ್ ಪೋರ್ಟಿಗೆ ಚುಚ್ಚಿ. ಇಂಟರ್ನೆಟ್ ವೈರ್ ಹಾಕುವ ವ್ಯಾನ್ ಪೋರ್ಟಿಗಲ್ಲ. ಫರ್ಮ್‌ವೇರ್ ಮುಟ್ಟೋದೇ ಬೇಡ.

ಓಪನ್‌ಡಬ್ಲ್ಯುಆರ್‌ಟಿ ಕೆಟ್ಟದ್ದು ಅಂತಲ್ಲ. ಈಗ ಬೇರೆ ರೂಟರ್‌ನಲ್ಲಿ ಅದನ್ನೇ ಬಳಸ್ತಿದ್ದೇನೆ. ಮಗಳು ವಿಡಿಯೋ ಅಪ್‌ಲೋಡ್‌ಗೆ ಹಾಕಿದಾಗೆಲ್ಲ ನನ್ನ ಮೀಟಿಂಗ್ ತಡವರಿಸುತ್ತಿತ್ತು. ಅದರಲ್ಲಿ ಎಸ್‌ಕ್ಯೂಎಂ (ಒಬ್ಬರ ಡೇಟಾ ಇನ್ನೊಬ್ಬರದ್ದನ್ನು ತಡೆಯದಂತೆ ಸರದಿ ಹಚ್ಚುವ ಸೌಲಭ್ಯ) ಹಾಕಿದ ಮೇಲೆ ಆ ಕಾಟ ತಪ್ಪಿತು. ಅಂಥ ಕಾರಣ ಇದ್ದರೆ ತಗೊಳ್ಳಿ. 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್‌ಗಿಂತ ಕಡಿಮೆ ಇದ್ದರೆ ಸುಮ್ನೆ ದುಡ್ಡು ದಂಡ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ಅಲ್ಲೇ ಬಿಡಿ, ಡ್ರೈವರ್ ಗೋಳು ಜಾಸ್ತಿ. ಮೀಡಿಯಾಟೆಕ್ ಚಿಪ್ ಇರೋದನ್ನೇ ಹುಡುಕಿ.

ಫ್ಲ್ಯಾಶ್ ಮಾಡುವಾಗ (ಹೊಸ ಫರ್ಮ್‌ವೇರ್ ಬರೆಯುವಾಗ) ರೂಟರ್ ಇನ್ವರ್ಟರ್ ಲೈನಿನಲ್ಲಿರಲಿ, ಮಧ್ಯೆ ಕರೆಂಟ್ ಹೋದರೆ ಕೆಟ್ಟಿತು. ಆಮೇಲೆ ವೈಫೈ ಕಾಣಲಿಲ್ಲ ಅಂತ ಗಾಬರಿಯಾಗಬೇಡಿ. ಸಾಮಾನ್ಯವಾಗಿ ಮೊದಲು ಆಫ್ ಇರುತ್ತದೆ. ವೈರ್ ಹಾಕಿ ಬ್ರೌಸರ್‌ನಲ್ಲಿ 192.168.1.1 ತೆರೆದು ನೀವೇ ಆನ್ ಮಾಡಬೇಕು. ಪಿಪಿಪಿಒಇ (ರೂಟರೇ ಲಾಗಿನ್ ಆಗಬೇಕಾದ) ಕನೆಕ್ಷನ್ ಆಗಿದ್ದರೆ ಯೂಸರ್‌ನೇಮ್, ಪಾಸ್‌ವರ್ಡ್ ಎರಡನ್ನೂ ಮೊದಲೇ ಕೇಬಲ್‌ನವರಿಂದ ಬರೆಸಿಕೊಳ್ಳಿ. ಭಾನುವಾರ ಅವರು ಫೋನ್ ಎತ್ತಲ್ಲ.