ಹಡಗಿನಲ್ಲಿ ಲೈಂಗಿಕ ಕಿರುಕುಳವಾದರೆ ಮಹಿಳೆಯರಿಗೆ ದೂರು ಕೊಡುವುದು ಯಾಕೆ ಅಷ್ಟು ಕಷ್ಟ?

ಮುಖ್ಯ ಕಾರಣ, ದೂರ ಹೋಗಲು ಜಾಗವೇ ಇಲ್ಲ. ಕಿರುಕುಳ ಕೊಟ್ಟವನ ಜೊತೆಗೇ ವಾರಗಟ್ಟಲೆ ಊಟ, ಕೆಲಸ, ರಾತ್ರಿ ಪಾಳಿ. ಎಷ್ಟೋ ಸಲ ಅವನೇ ಮೇಲಧಿಕಾರಿ. ಕೆಡೆಟ್ ಹುಡುಗಿಯ ತರಬೇತಿ ಪುಸ್ತಕಕ್ಕೆ ಸಹಿ ಹಾಕಬೇಕಾದವನೂ ಅವನೇ ಆಗಿರಬಹುದು. ಕ್ಯಾಬಿನ್ ಬೀಗ ಹಾಕಿಕೊಂಡರೂ ಮಾಸ್ಟರ್ ಕೀ ಬೇರೆಯವರ ಕೈಲಿರುತ್ತದೆ. ಅದಕ್ಕೇ ಅಮೆರಿಕದ 2022ರ ಕಾನೂನು ಆ ಕೀ ಬಳಕೆಗೆ ಲೆಕ್ಕ ಇಡಬೇಕು ಎಂದಿತು. ಜಗತ್ತಿನ ನಾವಿಕರಲ್ಲಿ ಮಹಿಳೆಯರು ಬರೀ ಶೇ. 1ರ ಆಸುಪಾಸು, ಹಾಗಾಗಿ ಇಡೀ ಹಡಗಿನಲ್ಲಿ ಒಬ್ಬಳೇ ಇರುವುದೂ ಉಂಟು.

ತೆರೆದ ಸಮುದ್ರದಲ್ಲಿ ಹಡಗಿನ ಬಾವುಟ ಯಾವ ದೇಶದ್ದೋ ಆ ದೇಶದ ಕಾನೂನು ನಡೆಯುತ್ತದೆ. ಬಂದರು ಮುಟ್ಟುವಷ್ಟರಲ್ಲಿ ಸಾಕ್ಷ್ಯ ಅಳಿದಿರಬಹುದು. ಹಾಗಾಗಿ ದಯವಿಟ್ಟು ಆಗ ತೊಟ್ಟಿದ್ದ ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿಡಿ, ಮೆಸೇಜ್ ಅಳಿಸಬೇಡಿ. ಕ್ಯಾಪ್ಟನ್ ಮೇಲೆ ನಂಬಿಕೆ ಇಲ್ವಾ? 2006ರ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ನೇರವಾಗಿ ಹೊರಗಿನ ಅಧಿಕಾರಿಗಳಿಗೇ ದೂರು ಕೊಡಬಹುದು.